ವೀಸಾ ಮುಗಿದ ಮೇಲೆ ದಿನಕ್ಕಿಷ್ಟು ದಂಡ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಈಗ ನಮ್ಮ ಕೊಳ್ಳೇಗಾಲ, ಯಳಂದೂರುಗಳಲ್ಲೂ ಅಪರೂಪವಲ್ಲ. ಎರಡು ತಿಂಗಳ ಮೊದಲಿನಿಂದಲೇ ಸಂಭ್ರಮ ಶುರು. ಅಂಟಿನುಂಡೆ, ಬಾಣಂತಿ ಲೇಹ್ಯ, ರಾಗಿ ಹುರಿಹಿಟ್ಟು, ಕೂಸಿಗೆ ಹಾಸಲು ಮೆತ್ತಗಿನ ಹಳೇ ಸೀರೆ, ಎಲ್ಲವನ್ನೂ ಕಟ್ಟಿಟ್ಟುಕೊಳ್ಳುತ್ತೇವೆ. ಪೆಟ್ಟಿಗೆಯ ತೂಕ ಹೆಚ್ಚಾಯಿತೇನೋ ಅಂತ ಮೂರು ಸಲ ತೂಗಿ ನೋಡುತ್ತೇವೆ. ಆದರೆ "ಯಾವ ತಾರೀಖಿನೊಳಗೆ ಆ ದೇಶ ಬಿಡಬೇಕು?" ಎಂದು ಕೇಳಿ ನೋಡಿ. "ಅದೆಲ್ಲ ಅಳಿಯಂದ್ರು ನೋಡ್ಕೋತಾರೆ ಬಿಡಿ" ಅನ್ನುವ ಉತ್ತರವೇ ಬರುತ್ತದೆ.

ಅಳಿಯಂದಿರು ನೋಡಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಪಾಸ್‌ಪೋರ್ಟು ನಿಮ್ಮ ಹೆಸರಿನದು. ತಾರೀಖು ದಾಟಿದರೆ ನಿಲ್ಲಿಸಿ ಕೇಳುವುದೂ ನಿಮ್ಮನ್ನೇ.

ಮೊದಲು ತಿಳಿಯಬೇಕಾದ್ದು, ಬರಲು ಕೊಡುವ ಒಪ್ಪಿಗೆ ಬೇರೆ, ಇರಲು ಕೊಡುವ ಒಪ್ಪಿಗೆ ಬೇರೆ. ಮಾದಪ್ಪನ ಬೆಟ್ಟಕ್ಕೆ ನಾವು ವರ್ಷದಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ಆದರೆ ಅಲ್ಲಿ ರೂಮು ಹಿಡಿದರೆ ಚೀಟಿಯಲ್ಲಿ ಬರೆದಷ್ಟು ಹೊತ್ತು ಮಾತ್ರ ತಾನೇ? ಇದೂ ಹಾಗೆಯೇ. ಅಮೆರಿಕದ ಪ್ರವಾಸಿ ವೀಸಾ ನಮ್ಮವರಿಗೆ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ. ಅದನ್ನು ನೋಡಿ 10 ವರ್ಷ ಇರಬಹುದು ಅಂದುಕೊಂಡವರೂ ಇದ್ದಾರೆ! ಎಷ್ಟು ದಿನ ಇರಬಹುದೆಂದು ಹೇಳುವುದು ಅಲ್ಲಿ ಇಳಿದಾಗ ಅಧಿಕಾರಿ ದಾಖಲಿಸುವ ತಾರೀಖು. ಆ ದಾಖಲೆಗೆ ಐ-94 ಎಂದು ಹೆಸರು. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಈಗ ಅದು ಕಂಪ್ಯೂಟರಿನಲ್ಲಿರುತ್ತದೆ. ಹೋದ ವಾರದಲ್ಲೇ ಮಗಳ ಕೈಲಿ ತೆಗೆಸಿ, ಅಚ್ಚು ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ತಡವಾದದ್ದಕ್ಕೆ ದಿನಕ್ಕಿಷ್ಟು ಅಂತ ದುಡ್ಡು ಕಟ್ಟಿಸಿಕೊಳ್ಳುವುದಿಲ್ಲ. ಅದನ್ನು ಕೇಳಿ ಹಗುರಾಗಬೇಡಿ. ಒಂದೇ ದಿನ ಹೆಚ್ಚಾದರೂ ಆ 10 ವರ್ಷದ ವೀಸಾ ರದ್ದಾದ ಲೆಕ್ಕ. 1996ರಲ್ಲಿ ಮಾಡಿದ ಕಾನೂನಿನ ಪ್ರಕಾರ 180 ದಿನಕ್ಕಿಂತ ಹೆಚ್ಚು ಅನಧಿಕೃತವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ 10 ವರ್ಷ ಮತ್ತೆ ಕಾಲಿಡುವಂತಿಲ್ಲ. ಮೊದಲ ಮೊಮ್ಮಗುವಿಗೆ ಎರಡು ತಿಂಗಳು ಜಾಸ್ತಿ ಎಣ್ಣೆನೀರು ಹಾಕಿ, ಎರಡನೆಯದರ ಬಾಣಂತನಕ್ಕೆ ಹೋಗಲಾರದೆ ಉಳಿಯುವುದು ಯಾವ ತಾಯಿಗೆ ಬೇಕು ಹೇಳಿ?

ಹಾಗಂತ ಹೆರಿಗೆ ನಾವು ಹೇಳಿದ ದಿನಕ್ಕೆ ಆಗುತ್ತದೆಯೇ? ಮಗಳಿಗೆ ಹುಷಾರು ತಪ್ಪಬಹುದು, ಕೂಸು ಆಸ್ಪತ್ರೆಯಲ್ಲೇ ಉಳಿಯಬಹುದು. ಅದಕ್ಕೂ ದಾರಿ ಇದೆ. ತಾರೀಖು ಮುಗಿಯುವ ಮೊದಲೇ ಐ-539 ಎಂಬ ಅರ್ಜಿ ಹಾಕಿ, ಕಾರಣ ತೋರಿಸಿ, ಹೆಚ್ಚು ಕಾಲ ಕೇಳಬಹುದು. 2024ರ ದರದಂತೆ ಅದಕ್ಕೆ 420 ಡಾಲರಿನ ಮೇಲೆ ಶುಲ್ಕ. ದುಬಾರಿಯೇ. ಆದರೆ ಮುಗಿದ ಮೇಲೆ ಹಾಕಿದ ಅರ್ಜಿಗೆ ಬೆಲೆ ಬಹಳ ಕಮ್ಮಿ. 45 ದಿನ ಮೊದಲೇ ಹಾಕುವುದು ಒಳ್ಳೆಯದು.

ಇನ್ನು ದುಡ್ಡಿನ ದಂಡ ಹಾಕುವ ದೇಶಗಳು. ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000 ಬಾತ್. ಅಂದರೆ 40 ದಿನಕ್ಕೆ ದಂಡ ನಿಲ್ಲುತ್ತದೆ, ಆದರೆ 90 ದಿನ ದಾಟಿದರೆ 2016ರಿಂದೀಚೆಗೆ ವರ್ಷಗಟ್ಟಲೆ ಪ್ರವೇಶ ನಿಷೇಧ. ಬಾಲಿ ದ್ವೀಪವಿರುವ ಇಂಡೋನೇಷ್ಯದಲ್ಲಿ ದಿನಕ್ಕೆ 10 ಲಕ್ಷ! ಗಾಬರಿಯಾಗಬೇಡಿ, ಅವರ ರುಪಾಯ ಅದು; ನಮ್ಮ ಲೆಕ್ಕದಲ್ಲಿ ಐದು ಸಾವಿರದ ಮೇಲೆ. ದುಬೈ, ಅಬುಧಾಬಿ ಇರುವ ಯು.ಎ.ಇ.ಯಲ್ಲಿ ಪ್ರವಾಸಿಗಳಿಗೆ ಮೊದಲು ದಿನಕ್ಕೆ 100 ದಿರ್ಹಮ್ ಇತ್ತು, 2022ರ ಅಕ್ಟೋಬರಿನಲ್ಲಿ 50ಕ್ಕೆ ಇಳಿಸಿದರು. ಮೊದಲೆಲ್ಲ 10 ದಿನ ವಿನಾಯಿತಿ ಇರುತ್ತಿತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಕಾಲದಲ್ಲಿ ಹೋಗಿಬಂದವರು "ಹತ್ತು ದಿನ ನಡೆಯುತ್ತೆ" ಅಂದರೆ ನಂಬಬೇಡಿ.

ನಮ್ಮ ದೇಶವೇನು ಕಮ್ಮಿಯಿಲ್ಲ. 2019ರ ನವೆಂಬರಿನಲ್ಲಿ ಕೋಲ್ಕತ್ತದ ಟೆಸ್ಟ್ ಪಂದ್ಯಕ್ಕೆ ಬಂದಿದ್ದ ಬಾಂಗ್ಲಾದೇಶದ ಆಟಗಾರ ಸೈಫ್ ಹಸನ್ ವಿಮಾನ ನಿಲ್ದಾಣಕ್ಕೆ ಹೋದ ಮೇಲೆಯೇ ವೀಸಾ ಮುಗಿದದ್ದು ಗೊತ್ತಾಯಿತು. ತಂಡದವರು ಊರು ಸೇರಿದರು, ಇವರು ಉಳಿದು 21,600 ರೂಪಾಯಿ ಕಟ್ಟಿ ಆಮೇಲೆ ಹೊರಟರು. ಜೊತೆಗೆ ಮ್ಯಾನೇಜರು, ಅಧಿಕಾರಿಗಳು ಎಲ್ಲ ಇರುವ ತಂಡದಲ್ಲೇ ಹೀಗಾಗುತ್ತದೆ ನೋಡಿ.

ದೇಶ ಬಿಟ್ಟು ಹೋಗುವುದಕ್ಕೂ ಕಾಗದ ಬೇಕೇ ಎಂದು ನಗುವವರು ಹನೂರಿನಿಂದ ಒಡೆಯರಪಾಳ್ಯಕ್ಕೆ ಹೋಗಿ ಬರಬೇಕು. 1974ರಲ್ಲಿ ಅಲ್ಲಿ ನೆಲೆ ನಿಂತ ಟಿಬೆಟನ್ನರು ನಮ್ಮಂತೆಯೇ ಜೋಳ ಬೆಳೆಯುತ್ತಾರೆ, ನಮ್ಮ ಬಸ್ಸಿನಲ್ಲೇ ಓಡಾಡುತ್ತಾರೆ. ಆದರೆ ಭಾರತದ ಪೌರತ್ವ ಪಡೆಯದವರಿಗೆ ನಮ್ಮ ಸರ್ಕಾರ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕವೇ ಪಾಸ್‌ಪೋರ್ಟು. ಇಲ್ಲಿರುವುದಕ್ಕೆ ನೋಂದಣಿ ಪತ್ರ, ಅದನ್ನು ಕಾಲಕಾಲಕ್ಕೆ ಹೊಸದು ಮಾಡಿಸಬೇಕು. ಹೊರದೇಶಕ್ಕೆ ಹೊರಡುವಾಗ ಹೊರಹೋಗುವ ಅನುಮತಿ ಬೇರೆ. ತಾರೀಖಿನ ಬೆಲೆ ಅವರ ಮನೆಯ ಅಜ್ಜಿಯರಿಗೂ ಗೊತ್ತು.

ಕೈಯಲ್ಲಿ ದುಡ್ಡಿರುವವರಿಗೆ ದಂಡ ಒಂದು ಬೇಸರದ ಖರ್ಚು, ಅಷ್ಟೆ. ನನಗೆ ಹೆಚ್ಚು ಸಂಕಟವಾಗುವುದು ಮನೆಗೆಲಸಕ್ಕೆಂದು ಗಲ್ಫಿಗೆ ಹೋಗುವ ಹೆಣ್ಣುಮಕ್ಕಳ ವಿಚಾರದಲ್ಲಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಊರುಗಳಲ್ಲಿ ಕೂಲಿ ಹುಡುಕಿಕೊಂಡು ಹೊರಡುವುದು ಹೊಸದೇನಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಏಜೆಂಟು ಬಂದು, "ವಿಸಿಟ್ ವೀಸಾದಲ್ಲಿ ಹೋಗವ್ವ, ಅಲ್ಲೋದ್ಮೇಲೆ ಕೆಲಸದ ವೀಸಾ ಮಾಡುಸ್ಬುಡ್ತೀವಿ, ನೀನ್ಯಾಕೆ ಯೋಚ್ನೆ ಮಾಡೀಯೆ?" ಅಂದರೆ ಸಾಕು, ಕಿವಿಯೋಲೆ ಅಡವಿಡಲು ತಯಾರಾಗುತ್ತಾರೆ.

ಏಜೆಂಟು ಯಾಕೆ ವಿಸಿಟ್ ವೀಸಾ ಅನ್ನುತ್ತಾನೆ ಗೊತ್ತೇ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂಥವರು ಗಲ್ಫ್ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅಧಿಕಾರಿಯ ಒಪ್ಪಿಗೆ ಬೇಕು. ಹೆಂಗಸರಾದರೆ 30 ವರ್ಷ ತುಂಬಿರಬೇಕು. 2016ರ ಆಗಸ್ಟಿನಿಂದ ಇಂಥ ಮಹಿಳೆಯರನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕೆಂದು ನಿಯಮ ಬಂತು. ಪ್ರವಾಸಿಯಂತೆ ಕಳಿಸಿಬಿಟ್ಟರೆ ಇದಾವುದೂ ಇಲ್ಲ, ಬೇಲಿ ಹಾರಿದಂತೆ. ಅವನ ಕಮಿಷನ್ನು ಅವನಿಗೆ ಸೇರಿತು. ಆಕೆಯ ಹೆಸರು ಮಾತ್ರ ಯಾವ ಕೆಲಸದ ಕರಾರಿನಲ್ಲೂ ಇಲ್ಲ.

ಈಗ ಲೆಕ್ಕ ಹಾಕೋಣ. ದಿರ್ಹಮಿಗೆ ಸುಮಾರು 24 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೆ 50 ದಿರ್ಹಮ್ ಎಂದರೆ 1,200 ರೂಪಾಯಿ. ತಿಂಗಳಿಗೆ 36,000. ನಾಲ್ಕು ತಿಂಗಳಿಗೆ 1,44,000. ಕೆಲಸದ ವೀಸಾ ಇವತ್ತು ಬರುತ್ತೆ, ನಾಳೆ ಬರುತ್ತೆ ಅನ್ನುತ್ತ ಮನೆಯೊಡತಿ ಸಂಬಳ ಹಿಡಿದಿರುತ್ತಾಳೆ, ಪಾಸ್‌ಪೋರ್ಟು ಅವಳ ಬೀರುವಿನಲ್ಲಿ. ಇಲ್ಲಿ ತಾಯಿ ಸತ್ತ ಸುದ್ದಿ ಬಂದರೂ ಆಕೆ ಹೊರಡುವಂತಿಲ್ಲ, ದಂಡ ಕಟ್ಟದೆ ವಿಮಾನ ಹತ್ತಿಸುವುದಿಲ್ಲ. ಕಟ್ಟಲು ದುಡ್ಡಿಲ್ಲ ಅಂತ ಇನ್ನೊಂದು ತಿಂಗಳು ಉಳಿದರೆ ಮತ್ತೆ 36,000 ಏರಿತು. ದುಡಿದು ತೀರಿಸುವ ಸಾಲವಲ್ಲ ಇದು, ಬೆಳೆಯುತ್ತಲೇ ಹೋಗುವ ಸಾಲ.

ಇಂಥ ಸ್ಥಿತಿಯಲ್ಲಿ ಯಾರಾದರೂ ನಿಮ್ಮವರಿದ್ದರೆ ಏಜೆಂಟಿನ ಹಿಂದೆ ಅಲೆಯುತ್ತ ಕಾಲ ಕಳೆಯಬೇಡಿ. ಅಬುಧಾಬಿಯಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ದುಬೈಯಲ್ಲಿ ಕಾನ್ಸುಲೇಟ್ ಇದೆ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅವರ ಕೈಯಲ್ಲಿರುತ್ತದೆ. 2017ರಲ್ಲಿ ತಿದ್ದಿದ ಅದರ ನಿಯಮಗಳಂತೆ, ತಪ್ಪು ಕೆಲಸಗಾರರದ್ದಲ್ಲ ಎಂದು ಮೇಲ್ನೋಟಕ್ಕೆ ಕಂಡುಬಂದರೆ ಸಣ್ಣಪುಟ್ಟ ದಂಡವನ್ನೂ, ತೀರಾ ಕೈಲಾಗದವರ ವಿಮಾನದ ಟಿಕೆಟ್ಟನ್ನೂ ಅದರಿಂದ ಕೊಡಬಹುದು. ಪಾಸ್‌ಪೋರ್ಟು ಕೈಯಲ್ಲಿಲ್ಲದಿದ್ದರೆ ಊರಿಗೆ ಮರಳುವ ಮಟ್ಟಿಗೆ ತುರ್ತು ಪತ್ರವನ್ನೂ ಅವರೇ ಕೊಡುತ್ತಾರೆ. ಹೋಗುವ ಮೊದಲೇ ಪಾಸ್‌ಪೋರ್ಟು, ವೀಸಾ ಎರಡರ ಜೆರಾಕ್ಸ್ ಮನೆಯಲ್ಲಿಟ್ಟಿದ್ದರೆ ಈ ಕೆಲಸ ಬೇಗ ಆಗುತ್ತದೆ. ಅಕ್ಕಿ ಡಬ್ಬದಲ್ಲಾದರೂ ಸರಿ, ಇಟ್ಟಿರಿ.

ಆಗಾಗ ಆ ಸರ್ಕಾರವೇ ದಂಡ ಮನ್ನಾ ಮಾಡುವುದೂ ಉಂಟು. ಯು.ಎ.ಇ.ಯಲ್ಲಿ 2018ರ ಆಗಸ್ಟಿನಿಂದ ಡಿಸೆಂಬರಿನವರೆಗೆ, ಮತ್ತೆ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಹೀಗೆ ಬಾಗಿಲು ತೆರೆದಿದ್ದರು. 2024ರಲ್ಲಿ ದಂಡವಿಲ್ಲದೆ ಹೊರಟವರಿಗೆ ಮತ್ತೆ ಬರಲು ನಿಷೇಧವೂ ಇರಲಿಲ್ಲ. ಕೊರೋನಾ ಬಂದ 2020ರಲ್ಲಿ, ಮಾರ್ಚ್ 1ಕ್ಕೆ ಮೊದಲೇ ವೀಸಾ ಮುಗಿದಿದ್ದವರನ್ನೂ ದಂಡವಿಲ್ಲದೆ ಕಳಿಸಿಕೊಟ್ಟರು. ಆದರೆ ಎರಡು ಮನ್ನಾಗಳ ನಡುವೆ ವರ್ಷಗಳೇ ಕಳೆದಿವೆ. ಮುಂದಿನದನ್ನು ಕಾಯುತ್ತ ಕೂರುವುದು ಯಾರಿಗೂ ಹೇಳುವ ಮಾತಲ್ಲ.

ಕೊನೆಗೆ ದಿನ ಎಣಿಸುವ ರೀತಿ. 30 ದಿನದ ವೀಸಾ ಎಂದರೆ ಒಂದು ತಿಂಗಳಲ್ಲ. ಥಾಯ್ಲೆಂಡಿನಂಥ ಕಡೆ ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ. ಜನವರಿ 15ಕ್ಕೆ ಇಳಿದರೆ ಫೆಬ್ರವರಿ 13ಕ್ಕೇ ಮುಗಿಯಿತು, 15ಕ್ಕಲ್ಲ. ನಮ್ಮ ಕಡೆ ಬರುವ ವಿಮಾನಗಳು ಎಷ್ಟೋ ಸಲ ಮಧ್ಯರಾತ್ರಿ ಕಳೆದ ಮೇಲೆ ಹೊರಡುತ್ತವೆ. "13ನೇ ತಾರೀಖು ರಾತ್ರಿ ಹೊರಡ್ತೀವಿ" ಅನ್ನುತ್ತೇವೆ, ಟಿಕೆಟ್ಟಿನಲ್ಲಿ 14 ಇರುತ್ತದೆ. ಟಿಕೆಟ್ಟು ಮಾಡಿಸುವಾಗಲೇ ಎರಡು ದಿನ ಮುಂಚಿನದು ಮಾಡಿಸಿ. ಒಂದು ವೇಳೆ ದಂಡ ಕಟ್ಟಲೇಬೇಕಾಗಿ ಬಂದರೆ ರಸೀತಿ ಕೇಳಿ ಪಡೆದು, ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಯಾವುದೇ ದೇಶದ ವೀಸಾಕ್ಕೆ ಅರ್ಜಿ ಹಾಕಿದಾಗ, ಹಿಂದೆ ಎಲ್ಲಾದರೂ ತಡವಾಗಿ ಉಳಿದಿದ್ದಿರಾ ಎಂದು ಕೇಳಬಹುದು. ಆಗ ತೋರಿಸಲು ಆ ಚೀಟಿ ಬೇಕಾಗುತ್ತದೆ.