ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಅಧ್ಯಾಪಕರ ಅರ್ಹತೆ

ಅಮೆರಿಕದ ಸಮುದಾಯ ಕಾಲೇಜುಗಳು ಎರಡು ವರ್ಷದ ಪದವಿಶಿಕ್ಷಣವನ್ನೂ ಕಸುಬಿನ ಶಿಕ್ಷಣವನ್ನೂ ಒಂದೇ ಸೂರಿನಡಿ ನೀಡುವ ಸಂಸ್ಥೆಗಳು. ಇಲ್ಲಿ ಬೋಧಿಸಲು ಡಾಕ್ಟರೇಟ್ ಕಡ್ಡಾಯವಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಂತೆ ಗಣಿತ, ಇತಿಹಾಸಗಳಂತಹ ವಿಷಯಗಳಿಗೆ ಆಯಾ ವಿಷಯದ ಸ್ನಾತಕೋತ್ತರ ಪದವಿಯಿದ್ದರೆ ಸಾಕು, ಬಿ.ಎಡ್.ನಂತಹ ಶಿಕ್ಷಕ ತರಬೇತಿಯನ್ನು ಕೇಳುವುದಿಲ್ಲ. ಬೆಸುಗೆ, ಮೋಟಾರು ದುರಸ್ತಿ ಮೊದಲಾದ ಕಸುಬುಗಳ ಮಾತೇ ಬೇರೆ. ಅವನ್ನು ಕಲಿಸಲು ಸ್ನಾತಕ ಪದವಿಯುಳ್ಳವರು 2 ವರ್ಷ, ಸಮುದಾಯ ಕಾಲೇಜೇ ನೀಡುವ ಅಸೋಸಿಯೇಟ್ ಪದವಿಯಷ್ಟೇ ಉಳ್ಳವರು 6 ವರ್ಷ ಆ ವೃತ್ತಿಯಲ್ಲಿ ದುಡಿದಿರಬೇಕು. ಕಾಯಕದ ವರ್ಷಗಳನ್ನೂ ವಿದ್ಯೆಯೆಂದೇ ಎಣಿಸುವ ಈ ಏರ್ಪಾಡು ಶರಣರ ನಾಡಿನವರಿಗೆ ಹೊಸದೆನಿಸದು. ಆದರೆ ಇದು ಕನಿಷ್ಠ ಅರ್ಹತೆ ಮಾತ್ರ. ಅಲ್ಲಿ ನೆಲಸಿರುವ ಭಾರತದ ಪದವೀಧರರು ತಮ್ಮ ಪದವಿಯು ಅಮೆರಿಕದ ಪದವಿಗೆ ಸಮಾನವೆಂಬ ಮೌಲ್ಯಮಾಪನ ಪತ್ರವನ್ನೂ ಒದಗಿಸಬೇಕಾಗುತ್ತದೆ.