ಆಗುಂಬೆಗಿಂತ ದುರ್ಗವೇ ಎತ್ತರ

ಯುಗಾದಿ ಕಳೆದು ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಬಿ.ದುರ್ಗ, ಚಿಕ್ಕಜಾಜೂರು, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಮಕ್ಕಳಿಗೆ ಸಮುದ್ರ ಬೇಕು. ಅಜ್ಜಿಗೆ ಶೃಂಗೇರಿಯೋ ಕೊಲ್ಲೂರೋ ಆಗಬೇಕು. ಅಪ್ಪನಿಗೆ ಎಲ್ಲಾದರೂ ತಂಪಾದ ಕಡೆ ಎರಡು ದಿನ ಕಾಲು ಚಾಚಿದರೆ ಸಾಕು. ಪಟ್ಟಣ, ಕಡಲು, ಬೆಟ್ಟ ಮೂರೂ ಒಂದೇ ಸುತ್ತಿನಲ್ಲಿ ಆಗುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ, ಆಮೇಲೆ ಕೈಬಿಡುತ್ತಾರೆ. ದುಡ್ಡಿನ ಚಿಂತೆ ಇದ್ದದ್ದೇ. ಆದರೆ ಎಷ್ಟೋ ಸಲ ಪ್ರವಾಸ ನಿಲ್ಲುವುದು, ಇಲ್ಲವೇ ಹೋದ ಮೇಲೆ ಕೆಡುವುದು, ಅವರಿವರ ಬಾಯಲ್ಲಿ ಕೇಳಿ ಗಟ್ಟಿಯಾದ ನಂಬಿಕೆಗಳಿಂದ.

ಮೊದಲನೆಯದು, "ಸಮುದ್ರ ನಮಗೆ ದೂರ" ಎಂಬುದು. ಹೊಳಲ್ಕೆರೆಯನ್ನು ಹಾದುಹೋಗುವ ಹೆದ್ದಾರಿಯೇ ಸಮುದ್ರದ ದಾರಿ. ಹಿಂದೆ ಇದಕ್ಕೆ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎಂದೇ ಹೆಸರಿತ್ತು. ಸೊಲ್ಲಾಪುರದಲ್ಲಿ ಹುಟ್ಟಿ ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರು ಮುಟ್ಟುತ್ತಿತ್ತು. ಈಗ ನಂಬರು ಬದಲಾಗಿದೆ. ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ 369, ಅಲ್ಲಿಂದ ಮಂಗಳೂರಿಗೆ 169, ತೀರ್ಥಹಳ್ಳಿಯಲ್ಲಿ ಕವಲೊಡೆದು ಆಗುಂಬೆ, ಉಡುಪಿ ಮೇಲೆ ಮಲ್ಪೆಗೆ ಇಳಿಯುವುದು 169ಎ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್, ಉಡುಪಿ ಸುಮಾರು 250. ಬೆಂಗಳೂರಿನ ಮದುವೆಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವ ನಮ್ಮ ಜನಕ್ಕೆ ಇದು ದೂರವೇ ಅಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಬಯಲುಸೀಮೆಯ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆದರೆ ನಡೆಯುತ್ತದೆ, ಘಟ್ಟದ ದಾರಿಯನ್ನು ಗಂಟೆಯಲ್ಲೇ ಅಳೆಯಬೇಕು. ತೀರ್ಥಹಳ್ಳಿ ದಾಟಿದ ಮೇಲೆ "ಇನ್ನೇನು ಬಂತು" ಎಂದು ಮಕ್ಕಳಿಗೆ ಹೇಳಲು ಹೋಗಬೇಡಿ.

ಇನ್ನೊಂದು ಮಾತು: ದುರ್ಗಕ್ಕೂ ಸಮುದ್ರಕ್ಕೂ ಸಂಬಂಧವೇ ಇಲ್ಲ ಅನ್ನುವವರು ಹೊರಡುವ ಮುಂಚೆ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿ ಬರಲಿ. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಬಂಡೆಗಳು ನೀರಿನಡಿ ಉಕ್ಕಿದ ಲಾವಾ ಹೆಪ್ಪುಗಟ್ಟಿ ಆದವು, ವಯಸ್ಸು ಸುಮಾರು 250 ಕೋಟಿ ವರ್ಷ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಲಾವಾದವೇ, ಆದರೆ ವಯಸ್ಸು ಒಂಬತ್ತು ಕೋಟಿ ವರ್ಷದ ಆಸುಪಾಸು ಅಷ್ಟೇ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ದ್ವೀಪಕ್ಕೆ ದುಡ್ಡು ಕೊಟ್ಟು ಹೋಗುವ ನಾವು ಮರಡಿಹಳ್ಳಿಯನ್ನು ಬಸ್ಸಿನ ಕಿಟಕಿಯಿಂದಲೂ ನೋಡುವುದಿಲ್ಲ.

"ಬೆಟ್ಟಕ್ಕೆ ಹೋದರೆ ಚಳಿ, ಸ್ವೆಟರ್ ಇಟ್ಕೊಳ್ಳಿ." ಇದು ಯಾವ ಬೆಟ್ಟ ಎಂಬುದರ ಮೇಲೆ ಹೋಗುತ್ತದೆ. ಸಮುದ್ರಮಟ್ಟದಿಂದ ಚಿತ್ರದುರ್ಗ ಪೇಟೆಯ ಎತ್ತರ ಸುಮಾರು 730 ಮೀಟರ್, ಆಗುಂಬೆಯದು ಸುಮಾರು 650. ಅಂದರೆ ಬೆಟ್ಟಕ್ಕೆ ಹೊರಟ ದುರ್ಗದವರು ಇಳಿದೇ ಆಗುಂಬೆ ಸೇರಬೇಕು! ಆಗುಂಬೆ ತಂಪೆನಿಸುವುದು ಕಾಡಿನ ನೆರಳಿನಿಂದ, ಎತ್ತರದಿಂದಲ್ಲ. ನಡುಹಗಲು ಪೇಟೆಬೀದಿಯಲ್ಲಿ ನಿಂತರೆ ಬೆವರು ಅಲ್ಲೂ ಇಳಿಯುತ್ತದೆ. ಗಾಳಿಯ ಉಷ್ಣಾಂಶ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ನಿಜವಾದ ತಂಪು ಬೇಕಾದವರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹೋಗಬೇಕು. ಅದರ ಎತ್ತರ 1,400 ಮೀಟರಿಗೂ ಮೇಲೆ. ಲೆಕ್ಕದ ಪ್ರಕಾರ ದುರ್ಗಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಇದನ್ನೇ ಆರಿಸಿಕೊಂಡಿದ್ದರು. ಹೊಸದುರ್ಗದವರಿಗಂತೂ ಇದು ಅಜ್ಜಂಪುರ ದಾಟಿದರೆ ಸಿಗುವ ಬೆಟ್ಟ. ಮುಳ್ಳಯ್ಯನಗಿರಿ ಇನ್ನೂ ಎತ್ತರ, 1,900 ಮೀಟರಿಗೂ ಹೆಚ್ಚು. ಆದರೆ ಮೇ ತಿಂಗಳ ಭಾನುವಾರ ಅಲ್ಲಿ ಮಂಜಿಗಿಂತ ಕಾರುಗಳೇ ದಟ್ಟ.

ಜೋಗದ ವಿಷಯದಲ್ಲೂ ಇಂಥದೇ ಮೋಸ. ಕ್ಯಾಲೆಂಡರಿನಲ್ಲಿ ನೋಡಿದ ಜೋಗ ಆಗಸ್ಟ್–ಸೆಪ್ಟೆಂಬರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೊದಲು ಕರೆಂಟಿಗೆ, ಆಮೇಲೆ ನೋಟಕ್ಕೆ. ಬೇಸಿಗೆ ರಜೆಯಲ್ಲಿ ಹೋದವರಿಗೆ 253 ಮೀಟರಿನ ಬಂಡೆಗೋಡೆ ಮತ್ತು ಅದರ ಮೇಲೆ ಬಿಳಿದಾರ ಇಳಿಬಿಟ್ಟಂಥ ನೀರು ಕಾಣುತ್ತದೆ. ಅದಕ್ಕೋಸ್ಕರ ಒಂದು ದಿನ ಇಡುವುದು ದಂಡ ಎಂದೇ ನನ್ನ ಅಭಿಪ್ರಾಯ.

"ಸಿಗಂದೂರಿಗೆ ಲಾಂಚ್ ಕಾಯಬೇಕು, ಬೇಸಿಗೆಯಲ್ಲಿ ನೀರು ಇಳಿದರೆ ಅದೂ ಇಲ್ಲ" ಎಂಬುದು ಮೊನ್ನೆಮೊನ್ನೆಯವರೆಗೂ ನಿಜವಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಮಾತು ಹಳತಾಯಿತು. ಸಾಗರದಿಂದ ಸಿಗಂದೂರು, ಅಲ್ಲಿಂದ ಕೊಲ್ಲೂರು, ಮುಂದೆ ಮರವಂತೆಯ ಕಡಲು ಎಂಬ ದಾರಿ ಈಗ ಅಜ್ಜಿಯ ದೇವರನ್ನೂ ಮೊಮ್ಮಕ್ಕಳ ಸಮುದ್ರವನ್ನೂ ಒಂದೇ ಗೆರೆಯಲ್ಲಿ ಕೂಡಿಸುತ್ತದೆ. ಈ ಕಡೆಯ ರೈಲು ಮಾತ್ರ ಘಟ್ಟ ಇಳಿಯುವುದಿಲ್ಲ. ಬೀರೂರು, ಶಿವಮೊಗ್ಗದ ಮೇಲೆ ಬರುವ ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ, ಮುಂದಕ್ಕೆ ಬಸ್ಸೇ ಗತಿ. ನಾಲ್ಕಾರು ಮನೆಯವರು ಸೇರಿ ದೊಡ್ಡ ಬಸ್ಸು ಮಾಡಿಕೊಂಡು ಹೊರಟರೆ ಆಗುಂಬೆ ಘಾಟಿಯನ್ನು ಮರೆಯಿರಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ದೊಡ್ಡ ವಾಹನ ಬಿಡುವುದಿಲ್ಲ, ಓಡಾಡುವುದು ಮಿನಿಬಸ್ಸುಗಳು.

ಮಲೆನಾಡಿನ ಕಾಡಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇದು ಜೀವಕ್ಕೆ ಸಂಬಂಧಿಸಿದ್ದು. ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರವನ್ನು ಮನುಷ್ಯರಿಗೆ ಹರಡುವುದು ಉಣುಗು, ಅಂದರೆ ಉಣ್ಣೆ. ಅದರ ಹಾವಳಿ ಮಳೆಗಾಲದಲ್ಲಲ್ಲ, ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ, ಅಂದರೆ ಸರಿಯಾಗಿ ನಮ್ಮ ರಜೆಯ ಕಾಲದಲ್ಲಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಾಡಂಚಿನಲ್ಲಿ ಒಣಗಿದೆಲೆಯ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವ ಆಸೆ ಬೇಡ. ತುಂಬುತೋಳು ಹಾಕಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಊರಿಗೆ ಬಂದ ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ "ಮಲೆನಾಡಿಗೆ ಹೋಗಿದ್ದೆವು" ಎಂದು ನೀವೇ ಹೇಳಿ.

ಪಟ್ಟಣ ಎಂದರೆ ಬೆಂಗಳೂರು ಅಥವಾ ಮೈಸೂರೇ ಆಗಬೇಕೆಂದೇನಿಲ್ಲ. ಎರಡೂ ನಮಗೆ ಇನ್ನೊಂದು ದಿಕ್ಕು, ಸುಮ್ಮನೆ ಒಂದು ದಿನ ದಾರಿಗೆ ಹೋಗುತ್ತದೆ. ಮಂಗಳೂರಿನಲ್ಲಿ ಪಿಲಿಕುಳದ ತಾರಾಲಯವಿದೆ, ಮೃಗಾಲಯವಿದೆ, ಇಟಲಿಯ ಮೋಸ್ಕೇನಿ ಗೋಡೆ ತುಂಬ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್ ಇದೆ. ಬರುವಾಗ ಮೂಡುಬಿದಿರೆ, ಕಾರ್ಕಳ, ಶೃಂಗೇರಿ ಮೇಲೆ ಹತ್ತಿದರೆ ಹೋದ ದಾರಿಯಲ್ಲೇ ವಾಪಸಾಗುವ ಬೇಸರ ಇರುವುದಿಲ್ಲ. 1432ರಲ್ಲಿ ನಿಲ್ಲಿಸಿದ 42 ಅಡಿಯ ಕಾರ್ಕಳದ ಗೊಮ್ಮಟನೂ ಆಗುತ್ತದೆ.

"ಹೆಂಗಸರಿಗೆ ಬಸ್ ಫ್ರೀ, ಖರ್ಚೇನು?" ಅರ್ಧ ನಿಜ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಿಗೆ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇಲ್ಲ. ಶಿವಮೊಗ್ಗದಿಂದ ಕೆಳಗೆ, ಅದರಲ್ಲೂ ಉಡುಪಿ, ಮಂಗಳೂರಿನಲ್ಲಿ, ಖಾಸಗಿ ಬಸ್ಸುಗಳದೇ ಕಾರುಬಾರು. ಅಲ್ಲಿ ಎಲ್ಲರಿಗೂ ಟಿಕೆಟ್. ಸರ್ಕಾರಿ ಬಸ್ಸಿನಲ್ಲಿ ಮಾತ್ರ ಲೆಕ್ಕ ಸಲೀಸು: ದುಡ್ಡು ಕೊಡುವವರು ಅಪ್ಪ ಮತ್ತು ಮಗ. ಗುರುತಿನ ಚೀಟಿ ಮರೆತ ಅಕ್ಕನೂ ಕೊಡಬೇಕಾಗುತ್ತದೆ.

ಕೊನೆಗೆ ಕಡಲು. "ಬೀಚಲ್ಲಿ ತಂಪು ಗಾಳಿ" ಎಂದು ಏಪ್ರಿಲ್‌ನಲ್ಲಿ ಮಲ್ಪೆಗೆ ಹೋದ ದುರ್ಗದವರು ಎರಡನೇ ದಿನವೇ ಕಂಗಾಲು. ಥರ್ಮಾಮೀಟರಿನಲ್ಲಿ ಕರಾವಳಿ ನಮಗಿಂತ ಎರಡು ಮೂರು ಡಿಗ್ರಿ ಕಡಿಮೆಯೇ ಇರಬಹುದು. ಆದರೆ ಮೈ ತಂಪಾಗುವುದು ಬೆವರು ಆರಿದಾಗ, ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಹೊಳಲ್ಕೆರೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಏರ್ ಕೂಲರ್ ಮಂಗಳೂರಿನಲ್ಲಿ ಅಷ್ಟಕ್ಕಷ್ಟೇ ಆಗುವುದೂ ಇದೇ ಕಾರಣಕ್ಕೆ. ರಾತ್ರಿಯೂ ನಮ್ಮಲ್ಲಿಯಂತೆ ಅಂಗಳ ಬೇಗ ತಣಿಯುವುದಿಲ್ಲ. ಹಾಗಾಗಿ ಕಡಲಿಗೆ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಹೋಗಿ. ಮಳೆನಕ್ಷತ್ರಗಳ ಲೆಕ್ಕದಲ್ಲಾದರೆ ಅಶ್ವಿನಿ ಮಳೆಯ ದಿನಗಳೇ ವಾಸಿ. ಕೃತ್ತಿಕೆ ಕಾಲಿಟ್ಟ ಮೇಲೆ ಅಲೆ ಏಳುತ್ತದೆ, ಮಳೆಗಾಲಕ್ಕೆ ದ್ವೀಪದ ದೋಣಿಗಳು ನಿಲ್ಲುತ್ತವೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ.

"ನಮ್ಮ ಹುಡುಗ ಬಾವಿಯಲ್ಲಿ ಈಜು ಕಲಿತವನು, ಮಾರಿಕಣಿವೆ ನಾಲೆಯಲ್ಲಿ ಬಿದ್ದು ಎದ್ದವನು, ಏನೂ ಆಗಲ್ಲ." ಈ ಮಾತಿನಷ್ಟು ಅಪಾಯದ್ದು ಬೇರೆ ಇಲ್ಲ. ಬಾವಿಯ ನೀರು ನಿಂತದ್ದು, ನಾಲೆಯ ನೀರು ಒಂದೇ ಕಡೆ ಹರಿಯುವುದು. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಗಳ ನೀರು ಒಂದು ಕಡೆ ಸೇರಿ ಕಿರಿದಾದ ಓಣಿಯಲ್ಲಿ ರಭಸದಿಂದ ವಾಪಸ್ ಸರಿಯುತ್ತದೆ. ಅಲೆ ಕಡಿಮೆ ಇದ್ದು ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಈ ಓಣಿ. ಅದರಲ್ಲಿ ಸಿಕ್ಕಿದವರು ನೇರ ದಡಕ್ಕೆ ಈಜಲು ಹೋಗಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಓಣಿಯಿಂದ ಹೊರಬರಬೇಕು. ಆಗದಿದ್ದರೆ ಸುಮ್ಮನೆ ತೇಲುತ್ತ ಕೈಯೆತ್ತಿ ಕೂಗಬೇಕು. ಮಳೆಗಾಲದ ಸಮುದ್ರ ಮಾತ್ರ ಕೊಲ್ಲುತ್ತದೆ ಎಂಬುದೂ ಸುಳ್ಳು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಮಕ್ಕಳು ಮೊಣಕಾಲುದ್ದದ ನೀರಿನಲ್ಲೇ ಆಡಲಿ, ದೊಡ್ಡವರೊಬ್ಬರು ಮೊಬೈಲ್ ಜೇಬಿಗಿಟ್ಟು ಅವರನ್ನೇ ನೋಡುತ್ತಿರಲಿ. ಜೀವರಕ್ಷಕ ಶಿಳ್ಳೆ ಹಾಕಿದರೆ ಜಗಳಕ್ಕೆ ನಿಲ್ಲದೆ ಮೇಲೆ ಬನ್ನಿ.