ಡಬ್ಬಿಯಲ್ಲಿ ಉಳಿದ ಮಾತ್ರೆಗಳ ಲೆಕ್ಕ

ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಸೋಂಕಿತರಿಗೆ ಔಷಧ ಉಚಿತವಾಗಿ ದೊರೆಯುತ್ತದೆ. ಆದರೆ ಹೊಸ ಡಬ್ಬಿ ಪಡೆಯಲು ಬರುವಾಗ ಹಳೆಯ ಡಬ್ಬಿಯನ್ನೂ ತರಬೇಕೆಂಬುದು ಅಲ್ಲಿನ ಪದ್ಧತಿ. ಅದರಲ್ಲಿ ಉಳಿದ ಮಾತ್ರೆಗಳನ್ನು ಎಣಿಸಲಾಗುತ್ತದೆ. ಕೊಟ್ಟ ಮಾತ್ರೆಗಳಲ್ಲಿ ಉಳಿದವನ್ನು ಕಳೆದು, ಅಷ್ಟು ದಿನಗಳಲ್ಲಿ ನುಂಗಬೇಕಾಗಿದ್ದ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವ ಶೇಕಡಾವಾರು ಅಂಕವೇ ರೋಗಿಯ ಔಷಧಪಾಲನೆಯ ಅಳತೆ. ಅದು ಆತನ ದಾಖಲೆಯ ಬಿಳಿ ಕಾರ್ಡಿನಲ್ಲಿ ನಮೂದಾಗುತ್ತದೆ. ದಿನಕ್ಕೆ ಎರಡು ಬಾರಿ ಔಷಧ ಸೇವಿಸಬೇಕಿದ್ದ ಕಾಲದಲ್ಲಿ ತಿಂಗಳಿಗೆ ಮೂರಕ್ಕಿಂತ ಕಡಿಮೆ ಬಾರಿ ತಪ್ಪಿದರೆ ಶೇ 95ಕ್ಕೂ ಮೇಲು. ಮೂರರಿಂದ ಹನ್ನೆರಡು ಬಾರಿ ತಪ್ಪಿದರೆ ಮಧ್ಯಮ. ಹನ್ನೆರಡನ್ನೂ ಮೀರಿದರೆ ಶೇ 80ಕ್ಕಿಂತ ಕೆಳಗೆ, ಅಂದರೆ ಅನುತ್ತೀರ್ಣ.

ಪ್ರಾಥಮಿಕ ಶಾಲೆಯ ಮಗುವೂ ಮಾಡಬಲ್ಲ ಲೆಕ್ಕವಿದು. ಆದರೆ ಈ ಲೆಕ್ಕ ತಿಳಿಸುವುದು ಡಬ್ಬಿಯಲ್ಲಿ ಎಷ್ಟು ಮಾತ್ರೆಗಳಿಲ್ಲ ಎಂಬುದನ್ನು ಮಾತ್ರ. ಇಲ್ಲದ ಮಾತ್ರೆ ಹೊಟ್ಟೆಗೆ ಹೋಯಿತೇ, ಬಚ್ಚಲಿಗೆ ಹೋಯಿತೇ ಎಂಬುದನ್ನು ತಿಳಿಸುವುದಿಲ್ಲ. ಉಳಿದ ಮಾತ್ರೆ ಕಂಡರೆ ಪ್ರಶ್ನೆಗಳು ಬರುತ್ತವೆ, ಕೆಲವೊಮ್ಮೆ ಗದರಿಕೆಯೂ ಬರುತ್ತದೆ ಎಂದು ಅರಿತ ರೋಗಿ ಆಸ್ಪತ್ರೆಗೆ ಹೊರಡುವ ಮುನ್ನ ಹೆಚ್ಚಿನ ಮಾತ್ರೆಗಳನ್ನು ಎಸೆದು ಬರುವುದು ಜಗತ್ತಿನಾದ್ಯಂತ ಸಂಶೋಧಕರು ಬಲ್ಲ ಸಂಗತಿ. ಎಣಿಸುವವರಿಗೂ ಇದು ಗೊತ್ತು, ಎಣಿಸಿಕೊಳ್ಳುವವರಿಗೂ ಗೊತ್ತು. ಆದರೂ ಕಾರ್ಡಿನಲ್ಲಿ ಅಂಕ ಬೀಳುತ್ತದೆ.

ಈ ಶೇ 95 ಎಂಬ ಗಡಿ ಎಲ್ಲಿಂದ ಬಂತು? ಡೇವಿಡ್ ಪ್ಯಾಟರ್ಸನ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಅದರ ಮುಖ್ಯ ಮೂಲ. ಮುಚ್ಚಳ ತೆರೆದ ಪ್ರತಿ ಸಲವೂ ವೇಳೆಯನ್ನು ದಾಖಲಿಸುವ ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಅವರು ರೋಗಿಗಳಿಗೆ ಕೊಟ್ಟಿದ್ದರು. ವಿಶ್ಲೇಷಣೆಗೆ ಒಳಗಾದವರು ಕೇವಲ 81 ಮಂದಿ. ಶೇ 95ಕ್ಕಿಂತ ಹೆಚ್ಚು ಪಾಲನೆ ಇದ್ದವರಲ್ಲಿ ಚಿಕಿತ್ಸೆ ವಿಫಲವಾದದ್ದು ಶೇ 22ರಷ್ಟು ಜನರಲ್ಲಿ. ಪಾಲನೆ ಶೇ 80ಕ್ಕಿಂತ ಕಡಿಮೆಯಿದ್ದವರಲ್ಲಿ ವೈಫಲ್ಯ ಶೇ 80. ಅಂದಿನ ಔಷಧಗಳು ಬೇರೆ, ಇಂದಿನವು ಬೇರೆ. ಆ ನಂತರ ಬಂದ ಔಷಧಗಳು ಅಲ್ಪಸ್ವಲ್ಪ ಲೋಪವನ್ನು ಸಹಿಸಬಲ್ಲವು ಎಂಬುದು ಸಾಬೀತಾಗಿದೆ. ಆದರೂ 95 ಎಂಬ ಅಂಕಿ ಶಾಸನದ ಗೌರವ ಪಡೆದು ನಿಂತಿತು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಅಷ್ಟು ಪ್ರಚಾರ ಪಡೆಯಲಿಲ್ಲ. ಯಾವ ರೋಗಿ ಔಷಧವನ್ನು ಸರಿಯಾಗಿ ಸೇವಿಸುತ್ತಾನೆಂದು ಊಹಿಸುವಂತೆ ವೈದ್ಯರನ್ನು ಕೇಳಲಾಗಿತ್ತು. ಶೇ 41ರಷ್ಟು ರೋಗಿಗಳ ವಿಷಯದಲ್ಲಿ ಅವರ ಊಹೆ ತಪ್ಪಿತ್ತು. ದಾದಿಯರು ತಪ್ಪಿದ್ದು ಶೇ 30ರಷ್ಟು ರೋಗಿಗಳ ವಿಷಯದಲ್ಲಿ. ಶುಭ್ರ ಬಟ್ಟೆ ತೊಟ್ಟು ಇಂಗ್ಲಿಷಿನಲ್ಲಿ ಉತ್ತರಿಸುವವನು ಔಷಧ ತಪ್ಪಿಸಲಾರ, ಕೂಲಿಯವನು ತಪ್ಪಿಸಿಯೇ ತಪ್ಪಿಸುತ್ತಾನೆ ಎಂಬ ನಂಬಿಕೆ ನಮ್ಮ ವಿದ್ಯಾವಂತ ವರ್ಗದಲ್ಲೂ ಬಲವಾಗಿದೆ. 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನಾಟ್ಸಿಯೋಸ್, ಗಡಿಯಾರದ ಬಳಕೆಯೇ ತಿಳಿಯದ ಆಫ್ರಿಕನ್ನರು ವೇಳೆಗೆ ಸರಿಯಾಗಿ ಈ ಔಷಧ ಸೇವಿಸಲಾರರು ಎಂಬರ್ಥದ ಮಾತನಾಡಿ ಟೀಕೆಗೆ ಗುರಿಯಾಗಿದ್ದರು. ಐದು ವರ್ಷಗಳ ನಂತರ ಎಡ್ವರ್ಡ್ ಮಿಲ್ಸ್ ಮತ್ತಿತರರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಮರ್ಪಕವಾಗಿ ಔಷಧ ಸೇವಿಸುತ್ತಿದ್ದವರು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಶೇ 77, ಉತ್ತರ ಅಮೆರಿಕದಲ್ಲಿ ಶೇ 55!

ಭಾರತದಲ್ಲಿ ಉಚಿತ ಎಆರ್‌ಟಿ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ನಂತರ ಕೇಂದ್ರಗಳು ಹೆಚ್ಚಿದವು, ಔಷಧಗಳು ಸುಧಾರಿಸಿದವು. ಕೈಕಾಲು ಜೋಮು ಹಿಡಿಸಿ ಮುಖದ ಕೊಬ್ಬನ್ನು ಕರಗಿಸುತ್ತಿದ್ದ ಸ್ಟಾವುಡಿನ್ ನೇಪಥ್ಯಕ್ಕೆ ಸರಿಯಿತು. ತಲೆಸುತ್ತು ಮತ್ತು ದುಃಸ್ವಪ್ನ ತರುತ್ತಿದ್ದ ಎಫಾವಿರೆಂಜ್ ಜಾಗಕ್ಕೆ ಡೊಲುಟೆಗ್ರಾವಿರ್ ಬಂತು. ಇಂದು ಬಹುಪಾಲು ರೋಗಿಗಳಿಗೆ ದಿನಕ್ಕೆ ಒಂದೇ ಮಾತ್ರೆ. ಇಷ್ಟು ಸುಲಭವಾದ ಮೇಲೂ ಯಾರಾದರೂ ಏಕೆ ತಪ್ಪಿಸಬೇಕು ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಆಸ್ಪತ್ರೆಯ ಕೊಠಡಿಯಲ್ಲಿ ಸಿಗದು, ರೋಗಿಯ ಮನೆಯಲ್ಲಿ ಸಿಗಬಹುದು.

ನಗರದ ದಕ್ಷಿಣ ಅಂಚಿನ ಗೊಟ್ಟಿಗೆರೆಯನ್ನೇ ತೆಗೆದುಕೊಳ್ಳೋಣ. ಕೆರೆಯ ಹೆಸರನ್ನೇ ಹೊತ್ತ ಈ ಊರು 2007ರಲ್ಲಿ ಮಹಾನಗರ ಪಾಲಿಕೆಯ ತೆಕ್ಕೆಗೆ ಬಂತು. ಬನ್ನೇರುಘಟ್ಟ ರಸ್ತೆಯ ಒಂದು ಪಕ್ಕಕ್ಕೆ ಅಪಾರ್ಟ್‌ಮೆಂಟುಗಳು ಎದ್ದರೆ, ಹಿಂದಿನ ಓಣಿಗಳಲ್ಲಿ ವಠಾರಗಳು ಬೆಳೆದವು. ಅಂತಹ ಒಂದು ವಠಾರದ ಒಂಟಿ ಕೋಣೆಯಲ್ಲಿ ಇನ್ನಿಬ್ಬರು ಗೆಳತಿಯರೊಡನೆ ವಾಸಿಸುವ ಗಾರ್ಮೆಂಟ್ಸ್ ಕೆಲಸಗಾರ್ತಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಸೋಂಕಿನ ಸಂಗತಿ ಕೋಣೆಯಲ್ಲಿ ಯಾರಿಗೂ ತಿಳಿದಿಲ್ಲ. ಔಷಧದ ಡಬ್ಬಿ ಅಲುಗಿದರೆ ಗಲಗಲ ಸದ್ದು ಮಾಡುತ್ತದೆ. ಆದ್ದರಿಂದ ಮಾತ್ರೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದು, ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟು, ಡಬ್ಬಿಯ ಚೀಟಿಯನ್ನು ಹರಿದು ಎಸೆಯುತ್ತಾಳೆ. ಮುಚ್ಚಳದೊಳಗೆ ಅಮೆರಿಕದ ಯಂತ್ರವನ್ನೇ ಕೂರಿಸಿದ್ದರೂ ಅವಳ ಕತೆ ಅದಕ್ಕೆ ತಿಳಿಯುತ್ತಿರಲಿಲ್ಲ. ಊರಿನಿಂದ ಅತ್ತೆ ಬಂದು ನಾಲ್ಕು ದಿನ ಉಳಿದರೆ ಆ ನಾಲ್ಕು ದಿನ ಪೆಟ್ಟಿಗೆ ತೆರೆಯುವುದೇ ಕಷ್ಟ.

ಹತ್ತಿರದ ಕೇಂದ್ರದಲ್ಲಿ ಪರಿಚಿತರು ಕಂಡಾರೆಂಬ ಅಂಜಿಕೆಯಿಂದ ದೂರದ ಕೇಂದ್ರಕ್ಕೆ ಹೆಸರು ಬರೆಸಿದವರು ಅನೇಕರಿದ್ದಾರೆ. ಇವಳೂ ಅವರಲ್ಲೊಬ್ಬಳು ಎಂದುಕೊಳ್ಳೋಣ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಅವಳ ಬಸ್ಸಿನ ಖರ್ಚನ್ನು ಉಳಿಸಿದೆ. ಆದರೆ ಬನ್ನೇರುಘಟ್ಟ ರಸ್ತೆಯ ವಾಹನದಟ್ಟಣೆಯಲ್ಲಿ ಕಳೆಯುವ ಗಂಟೆಗಳನ್ನೂ, ರಜೆ ಹಾಕಿದ ದಿನದ ಸಂಬಳವನ್ನೂ ಯಾವ ಯೋಜನೆಯೂ ಹಿಂದಿರುಗಿಸದು. ಪ್ರತಿ ತಿಂಗಳೂ ಒಂದು ದಿನ ರಜೆ ಕೇಳುವವಳಿಗೆ ಕಾರಣವನ್ನೂ ಹೇಳಬೇಕಾಗುತ್ತದೆ. ಇವೆಲ್ಲವೂ ಸೇರಿ ಶೇ 87 ಎಂಬ ಅಂಕವಾಗಿ ಕಾರ್ಡಿಗೆ ಇಳಿಯುತ್ತದೆ. ಅಂಕದ ಪಕ್ಕದಲ್ಲಿ ಕಾರಣ ಬರೆಯಲೂ ಜಾಗವಿದೆ. ಅಲ್ಲಿ ಸುಲಭವಾಗಿ ಬೀಳುವ ಪದ ‘ಮರೆವು’.

ಮರೆವೇ ರೋಗವಾದರೆ ನೆನಪಿಸುವುದೇ ಮದ್ದು ಎಂಬ ತರ್ಕವನ್ನು ನಮ್ಮ ನಾಡಿನಲ್ಲಿಯೇ ಗಂಭೀರವಾಗಿ ಪರೀಕ್ಷಿಸಲಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನಿತಾ ಶೆಟ್ ಮತ್ತು ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಮೂರು ಚಿಕಿತ್ಸಾಲಯಗಳಲ್ಲಿ, ಹೊಸದಾಗಿ ಚಿಕಿತ್ಸೆಗೆ ಸೇರಿದ 631 ಮಂದಿಯನ್ನು ಎರಡು ಗುಂಪು ಮಾಡಿ 96 ವಾರ ಗಮನಿಸಿದರು. ಒಂದು ಗುಂಪಿನವರ ಮೊಬೈಲಿಗೆ ವಾರಕ್ಕೊಮ್ಮೆ ಧ್ವನಿಮುದ್ರಿತ ಕರೆ ಮತ್ತು ಒಂದು ಚಿತ್ರಸಂದೇಶ ಬರುತ್ತಿತ್ತು. ಕರೆಗೆ ಗುಂಡಿ ಒತ್ತಿ ಉತ್ತರಿಸಬಹುದಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಫಲಿತಾಂಶ ಪ್ರಕಟವಾಯಿತು. ನೂರು ವ್ಯಕ್ತಿ-ವರ್ಷಗಳಿಗೆ ಚಿಕಿತ್ಸೆ ವಿಫಲವಾದ ಪ್ರಮಾಣ ಕರೆ ಪಡೆದವರಲ್ಲಿ 10.52, ಪಡೆಯದವರಲ್ಲಿ 10.73. ಅಂದರೆ ವ್ಯತ್ಯಾಸವೇ ಇಲ್ಲ. ಮಾತ್ರೆ ಎಣಿಕೆಯಲ್ಲೂ ಪ್ರಯೋಜನ ಕಾಣಲಿಲ್ಲ. ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವನ್ನು ಮರೆಮಾಚದೆ ಪ್ರಕಟಿಸಿದ ಆ ಸಂಶೋಧಕರು ಅಭಿನಂದನಾರ್ಹರು.

ಕುತೂಹಲದ ಸಂಗತಿಯೆಂದರೆ, 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಕೀನ್ಯಾದ ಪ್ರಯೋಗ ಯಶಸ್ವಿಯಾಗಿತ್ತು. ಅಲ್ಲಿ ದಾದಿಯೊಬ್ಬರು 538 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೊಮ್ಮೆ ‘ಹೇಗಿದ್ದೀರಿ?’ ಎಂಬರ್ಥದ ಒಂದೇ ಪದದ ಸಂದೇಶ ಕಳಿಸುತ್ತಿದ್ದರು. ಔಷಧದ ಮಾತೇ ಅದರಲ್ಲಿರಲಿಲ್ಲ. ಎರಡು ದಿನದೊಳಗೆ ಉತ್ತರ ಬರಬೇಕು. ತೊಂದರೆಯಿದೆ ಎಂದವರಿಗೂ, ಉತ್ತರಿಸದವರಿಗೂ ದೂರವಾಣಿ ಕರೆ ಹೋಗುತ್ತಿತ್ತು. ವೈರಾಣು ಹತೋಟಿಗೆ ಬಂದವರು ಆ ಗುಂಪಿನಲ್ಲಿ ಶೇ 57, ಉಳಿದವರಲ್ಲಿ ಶೇ 48. ಎರಡು ದೇಶಗಳ, ಎರಡು ಕಾಲದ ಪ್ರಯೋಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಶಾಸ್ತ್ರಸಮ್ಮತವಲ್ಲ. ಆದರೂ ಒಂದು ಕಡೆ ಯಂತ್ರ ಔಷಧವನ್ನು ನೆನಪಿಸಿತು, ಇನ್ನೊಂದು ಕಡೆ ಮನುಷ್ಯರು ಯೋಗಕ್ಷೇಮ ವಿಚಾರಿಸಿದರು ಎಂಬ ಅಂತರ ನನಗೆ ಸಣ್ಣದೆನಿಸುವುದಿಲ್ಲ.

ಹಳೆಯ ವೈದ್ಯಕೀಯ ಬರಹಗಳಲ್ಲಿ ಔಷಧಪಾಲನೆಗೆ ಬಳಸುತ್ತಿದ್ದ ಇಂಗ್ಲಿಷ್ ಪದ ‘ಕಂಪ್ಲಯನ್ಸ್’. ಅದರಲ್ಲಿ ಆಜ್ಞೆಯ ವಾಸನೆಯಿದೆಯೆಂದು ಅದನ್ನು ಬಿಟ್ಟು ‘ಅಡ್ಹೆರೆನ್ಸ್’ ಎಂದರು. ನಮ್ಮಲ್ಲಿ ‘ಪಥ್ಯ’ ಎಂಬ ಪದವಿದೆ. ಮನೆಯಲ್ಲಿ ಒಬ್ಬರಿಗೆ ಪಥ್ಯವೆಂದರೆ ಇಡೀ ಅಡುಗೆಮನೆಗೆ ಅದು ಗೊತ್ತಿರುತ್ತಿತ್ತು. ಉಪ್ಪು ಹಾಕದ ಸಾರನ್ನು ಬೇರೆ ತೆಗೆದಿಡುವವರು ಒಬ್ಬರಾದರೆ, ಕಷಾಯದ ಹೊತ್ತನ್ನು ನೆನಪಿಸುವವರು ಇನ್ನೊಬ್ಬರು. ಎಚ್‌ಐವಿ ಸೋಂಕಿತರದ್ದು ಮನೆಯವರಿಂದಲೇ ಮುಚ್ಚಿಟ್ಟು ನಡೆಸಬೇಕಾದ ಪಥ್ಯ. ಅದೂ ಒಂದು ಮಂಡಲಕ್ಕಲ್ಲ, ಜೀವಮಾನ ಪೂರ್ತಿ.

ಹಾಗಾದರೆ ಅಳೆಯುವುದನ್ನೇ ಬಿಡಬೇಕೆ? ಖಂಡಿತ ಇಲ್ಲ. ಔಷಧ ಆಗಾಗ ತಪ್ಪಿದರೆ ರಕ್ತದಲ್ಲಿ ಅದರ ಪ್ರಮಾಣ ತಗ್ಗುತ್ತದೆ. ಸಾಯದೆ ಉಳಿದ ವೈರಾಣು ಆ ಔಷಧಕ್ಕೇ ಒಗ್ಗಿಕೊಳ್ಳುತ್ತದೆ. ಆಮೇಲೆ ಎಷ್ಟು ನಿಷ್ಠೆಯಿಂದ ನುಂಗಿದರೂ ಅದು ಜಗ್ಗದು. ಅಲ್ಲೊಂದು ಇಲ್ಲೊಂದು ದಿನ ತಪ್ಪುವುದಕ್ಕಿಂತ ಸತತವಾಗಿ ಹಲವು ದಿನ ತಪ್ಪುವುದು ಹೆಚ್ಚು ಅಪಾಯಕಾರಿ. ಶೇಕಡಾವಾರು ಅಂಕ ಈ ಭೇದವನ್ನು ತೋರಿಸುವುದೇ ಇಲ್ಲ. ತಿಂಗಳಲ್ಲಿ ಬಿಡಿಬಿಡಿಯಾಗಿ ನಾಲ್ಕು ದಿನ ತಪ್ಪಿಸಿದವನಿಗೂ, ಅತ್ತೆ ಬಂದಳೆಂದು ಒಂದೇ ಸಮನೆ ನಾಲ್ಕು ದಿನ ತಪ್ಪಿಸಿದವಳಿಗೂ ಕಾರ್ಡಿನಲ್ಲಿ ಬೀಳುವ ಅಂಕ ಒಂದೇ.

ರಕ್ತದಲ್ಲಿನ ವೈರಾಣುಗಳನ್ನೇ ಎಣಿಸುವ ವೈರಲ್ ಲೋಡ್ ಪರೀಕ್ಷೆ ಇದಕ್ಕಿಂತ ನಂಬಲರ್ಹ. ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಇದನ್ನು ಉಚಿತವಾಗಿ ಮಾಡುವ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ ಚಾಲನೆ ನೀಡಿದ್ದು 2018ರ ಫೆಬ್ರುವರಿಯಲ್ಲಿ. ವೈರಾಣು ಪತ್ತೆಯಾಗದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದೂ ಈಗ ದೃಢಪಟ್ಟಿದೆ. ಮಾತ್ರೆ ಎಣಿಕೆಯಂತೆ ಈ ಪರೀಕ್ಷೆಯನ್ನು ವಂಚಿಸಲಾಗದು. ಆದರೆ ಇದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನಡೆಯುವಂಥದ್ದು, ಹಾನಿಯಾದ ಮೇಲೆ ತಿಳಿಸುವಂಥದ್ದು. ವೈರಾಣು ಏರಿದ್ದು ಮಾತ್ರೆ ತಪ್ಪಿದ್ದರಿಂದಲೋ, ಔಷಧ ನಾಟದೆ ಹೋದದ್ದರಿಂದಲೋ ಎಂಬುದನ್ನೂ ಅದೊಂದೇ ಹೇಳಲಾರದು. ಮಿಲಿಲೀಟರಿಗೆ ಸಾವಿರಕ್ಕಿಂತ ಹೆಚ್ಚು ಕಂಡಾಗ ರಾಷ್ಟ್ರೀಯ ಮಾರ್ಗಸೂಚಿಯೇ ರೋಗಿಯನ್ನು ಮತ್ತೆ ಆಪ್ತ ಸಮಾಲೋಚಕರ ಬಳಿಗೆ ಕಳಿಸುತ್ತದೆ. ಪ್ರಯೋಗಾಲಯದಿಂದ ಹೊರಟ ದಾರಿ ಕೊನೆಗೆ ಮುಟ್ಟುವುದು ಎರಡು ಕುರ್ಚಿಗಳ ನಡುವಿನ ಮಾತಿಗೇ. ಆ ಮಾತಿನಲ್ಲಿ ‘ಕಳೆದ ವಾರ ನಾಲ್ಕು ದಿನ ಬಿಟ್ಟೆ’ ಎಂದು ಹೇಳಿದವಳಿಗೆ ಬೈಗುಳ ಸಿಕ್ಕರೆ ಮುಂದಿನ ಸಲ ಅವಳ ಡಬ್ಬಿ ಖಾಲಿಯಾಗಿಯೇ ಬರುತ್ತದೆ. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಕೊಡಬಲ್ಲ ಸಮಾಲೋಚಕರನ್ನು ದೂಷಿಸುವುದೂ ಸರಿಯಲ್ಲ. ಅವರ ಸಂಖ್ಯೆ ಹೆಚ್ಚಿಸದೆ ಪರೀಕ್ಷಾ ಯಂತ್ರಗಳನ್ನು ಮಾತ್ರ ಹೆಚ್ಚಿಸಿದರೆ ವೈಫಲ್ಯಗಳು ನಿಖರವಾಗಿ ದಾಖಲಾಗಬಹುದು, ಕಡಿಮೆಯಾಗಲಾರವು.

ಇನ್ನು ಔಷಧ ಕೊಡುವವರ ನಿಷ್ಠೆಯ ವಿಚಾರ. 2022ರ ಜುಲೈನಲ್ಲಿ ಸೋಂಕಿತರ ಒಂದು ಗುಂಪು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಧರಣಿ ಕುಳಿತಿತು. ಡೊಲುಟೆಗ್ರಾವಿರ್ ಸೇರಿದಂತೆ ಕೆಲವು ಔಷಧಗಳು ಕೇಂದ್ರಗಳಲ್ಲಿ ಸಿಗುತ್ತಿಲ್ಲ, ತಿಂಗಳ ಬದಲು ಕೆಲವೇ ದಿನಗಳ ಮಾತ್ರೆ ಕೊಟ್ಟು ಕಳಿಸುತ್ತಿದ್ದಾರೆ ಎಂಬುದು ಅವರ ದೂರು. ದೇಶಮಟ್ಟದಲ್ಲಿ ಕೊರತೆಯಿಲ್ಲವೆಂದು ಆರೋಗ್ಯ ಸಚಿವಾಲಯ ಹೇಳಿತು. ಧರಣಿ ಒಂದು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರ ಗೋಪ್ಯತೆಗೂ ಉದ್ಯೋಗಕ್ಕೂ ರಕ್ಷಣೆ ಕೊಟ್ಟ ಒಳ್ಳೆಯ ಕಾಯ್ದೆಯದು. ಆದರೆ ಸರ್ಕಾರಗಳು ಎಆರ್‌ಟಿ ಒದಗಿಸುವ ವಿಷಯ ಬಂದಾಗ ಅದು ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಷರತ್ತನ್ನು ಸೇರಿಸಿದೆ. ಮಸೂದೆಯ ಹಂತದಲ್ಲೇ ಸೋಂಕಿತರ ಸಂಘಟನೆಗಳು ಇದನ್ನು ವಿರೋಧಿಸಿದ್ದವು. ರೋಗಿಗೆ ಶೇ 95ರ ಗಡಿ, ಸರ್ಕಾರಕ್ಕೆ ಸಾಧ್ಯವಾದಷ್ಟು!

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಒಮ್ಮೆಗೇ ಹಲವು ತಿಂಗಳ ಔಷಧ ಕೊಡುವ ಪದ್ಧತಿಯನ್ನು ವಿಸ್ತರಿಸಲಾಯಿತು. ಸ್ಥಿರ ಆರೋಗ್ಯದವರಿಗೆ ಅದು ಕೃಪೆಯಾಗದೆ ಹಕ್ಕಾಗಿ ಎಲ್ಲೆಡೆ ಸಿಕ್ಕರೆ, ಗೊಟ್ಟಿಗೆರೆಯಂಥ ಕಡೆಯಿಂದ ಬರುವವರ ರಜೆಯ ದಿನಗಳು ಮೂರರಲ್ಲೊಂದಕ್ಕೆ ಇಳಿಯುತ್ತವೆ. ಜತೆಗೆ ಬಿಳಿ ಕಾರ್ಡಿನಲ್ಲಿ ಇನ್ನೊಂದು ಅಂಕಣ ಬೇಕು. ಈ ರೋಗಿ ಎಷ್ಟು ಸಲ ಹೇಳಿದ ದಿನಕ್ಕೆ ಬಂದೂ ಅರೆಬರೆ ಔಷಧದೊಂದಿಗೆ ಹಿಂದಿರುಗಿದ್ದಾನೆ, ಎಷ್ಟು ಗಂಟೆ ಕಾದಿದ್ದಾನೆ, ಸಮಾಲೋಚಕರ ಹುದ್ದೆ ಅಂದು ಭರ್ತಿಯಾಗಿತ್ತೇ ಎಂಬುದನ್ನು ಅದರಲ್ಲಿ ಬರೆಯಬೇಕು. ಅದೇ ಸೂತ್ರದಿಂದ ಭಾಗಿಸಿ, ನೂರರಿಂದ ಗುಣಿಸಿ, ಬಂದ ಅಂಕವನ್ನು ಪ್ರತಿ ಕೇಂದ್ರದ ಬಾಗಿಲಲ್ಲಿ ತೂಗುಹಾಕಬಹುದು.